ತಿರುಗಿ ಕರೆಯದ ಟೀಚರು

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಿಂಕಿನ ಮುಂದೆ ನಿಂತು ದೇವರ ಪಾತ್ರೆಗಳನ್ನು ಉಜ್ಜುತ್ತಿದ್ದೆ. ಶುಕ್ರವಾರದ ಪೂಜೆಗೆ ಗುರುವಾರವೇ ಪಾತ್ರೆ ಬೆಳಗಿಡುವುದು ನಮ್ಮಮ್ಮನಿಂದ ಬಂದ ಅಭ್ಯಾಸ. ಹಿತ್ತಾಳೆ ತಿಕ್ಕಲು ಈ ಊರಿನಲ್ಲಿ ಥರಾವರಿ ಕ್ರೀಮು ಸಿಗುತ್ತದೆ. ಮಗಳು ಒಂದು ಬಾಟಲಿ ತಂದೂ ಕೊಟ್ಟಿದ್ದಾಳೆ, ಅದು ಸಿಂಕಿನ ಕೆಳಗೆ ಮುಚ್ಚಳ ತೆಗೆಯದೆ ಕೂತಿದೆ. ಹುಣಸೆಹಣ್ಣು ಬೆರಳ ಸಂದಿಗೆ ಇಳಿದು, ಈಳಿಗೆ ತಾಗಿದ ಗಾಯ ಚುರುಗುಟ್ಟಿದರೇನೇ ನನಗೆ ಪಾತ್ರೆ ಬೆಳಗಿದ ಸಮಾಧಾನ. ಕೆಲಸ ಮಾಡುತ್ತಾ ಆ ದಿನದ ಉಪಕಾರಗಳನ್ನು ಎಣಿಸಿಕೊಳ್ಳುವುದು ನನ್ನ ಇನ್ನೊಂದು ಅಭ್ಯಾಸ. ಹಾಲು ಉಕ್ಕಲಿಲ್ಲ, ಒಂದು. ಮಗಳು ತಿಂಡಿ ತಿಂದು ಹೋದಳು, ಎರಡು. ಮೊಣಕಾಲು ಇವತ್ತು ಸುಮ್ಮನಿದೆ, ಮೂರು. ದೇವರು ದೊಡ್ಡ ದೊಡ್ಡದನ್ನು ಕೊಡುವಾಗ ಯಾರು ಬೇಕಾದರೂ ನೆನೆಯುತ್ತಾರೆ. ಸಣ್ಣದನ್ನು ಮರೆಯಬಾರದು ಎಂಬುದು ನನ್ನ ಲೆಕ್ಕ.

ನಾಲ್ಕನೆಯದು ಹುಡುಕುತ್ತಿರುವಾಗ ಫೋನು ಬಂತು. ಕಿರುಬೆರಳ ತುದಿಯಿಂದ ಸ್ಪೀಕರಿಗೆ ಹಾಕಿದೆ. ಥೀಡಾ. ಬರ್ಮಾದವಳು, ನನ್ನ ಜೊತೆ ಇಂಗ್ಲಿಷ್ ಕ್ಲಾಸಿಗೆ ಬರುವವಳು. ನಾವು ಮಾತಾಡುವುದು ಒಡಕು ಇಂಗ್ಲಿಷಿನಲ್ಲಿ, ನಿಮಗೆ ಕನ್ನಡದಲ್ಲೇ ಹೇಳುತ್ತೇನೆ.

"ಸಿಸ್ಟರ್, ಬೇಗ ಬಾ. ಟೀಚರ್ ನಮ್ಮನೇಲಿದ್ದಾರೆ. ಅವರ ಮನೇನ ಟೋ ಮಾಡ್ಕೊಂಡು ಹೋದ್ರು."

"ಮನೇನ ಯಾರಾದ್ರೂ ಟೋ ಮಾಡ್ತಾರೇನೆ? ಕಾರು ಇರ್ಬೇಕು."

"ಕಾರೇ. ಕಾರೇ ಅವರ ಮನೆ. ಎರಡು ವರ್ಷದ ಮೇಲಾಯ್ತು ಅವರು ಕಾರಲ್ಲಿ ಮಲಗೋಕೆ ಶುರು ಮಾಡಿ."

ಆರತಿ ತಟ್ಟೆ ಕೈಯಿಂದ ಜಾರಿ ಸಿಂಕಿಗೆ ಬಿತ್ತು. ನಲ್ಲಿ ಹರಿಯುತ್ತಲೇ ಇತ್ತು. ನೀರು ಪೋಲು ಮಾಡಬೇಡ ಎಂದು ದಿನಕ್ಕೆ ನಾಲ್ಕು ಸಲ ಮಗಳನ್ನು ಗದರುವವಳು ನಾನು. ಅದನ್ನು ನಿಲ್ಲಿಸಬೇಕೆಂದು ನನಗೆ ತೋಚಲಿಲ್ಲ.

ಈ ಟೀಚರ್ ಯಾರೆಂದು ನಿಮಗೆ ಹೇಳಬೇಕು. ಹೇವರ್ಡಿನ ಲೈಬ್ರರಿಯಲ್ಲಿ ಮಂಗಳವಾರ ಬೆಳಿಗ್ಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಾರೆ. ಸಂಬಳವಿಲ್ಲದ ಟೀಚರು, ಫೀಸಿಲ್ಲದ ವಿದ್ಯಾರ್ಥಿಗಳು. ನಾನು ತುಮಕೂರಿನಲ್ಲಿ ಬಿ.ಎ. ಮಾಡಿದವಳು, ಓದಲು ಬರೆಯಲು ತೊಂದರೆಯಿಲ್ಲ. ಮಾತು ಮಾತ್ರ ಗಂಟಲಲ್ಲಿ ಕೂರುತ್ತಿತ್ತು. ಗ್ರೋಸರಿ ಅಂಗಡಿಯ ಕೌಂಟರಿನವನು ಹೇಗಿದ್ದೀರಿ ಎಂದು ಕೇಳಿದರೆ, ನಿಜವಾಗಿಯೂ ಹೇಗಿದ್ದೇನೆಂದು ಯೋಚಿಸಿ ವಾಕ್ಯ ಹೊಂದಿಸುವಷ್ಟರಲ್ಲಿ ಅವನು ನನ್ನ ಹಿಂದಿನವರಿಗೆ ಅದನ್ನೇ ಕೇಳಿ ಮುಗಿಸಿರುತ್ತಿದ್ದ. "ಹೋಗಿ ಕಲೀಬಾರ್ದಾ, ಮನೇಲಿ ನಮ್ಮ ಜೊತೆ ಇಷ್ಟು ಮಾತಾಡ್ತೀಯ" ಎಂದು ನಮ್ಮ ಮನೆಯವರೇ ದಬ್ಬಿದರು. ಎರಡೂವರೆ ವರ್ಷದ ಹಿಂದಿನ ಮಾತು.

ಅಲ್ಲಿದ್ದರು ಮರೀನಾ ಟೀಚರ್. ಎಪ್ಪತ್ತರ ಹತ್ತಿರದ ಗುಂಡು ಮುಖ, ಗಿಡ್ಡ ಮೈ, ಬೆಳ್ಳಗಾದ ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ ಪುಟ್ಟ ಗಂಟು. ನೋಡಿದರೆ ನೇಪಾಳದ ಕಡೆಯವರು ಅನ್ನಬೇಕು. ಮೊದಲ ದಿನವೇ ಕೇಳಿಬಿಟ್ಟೆ, ನೀವು ಯಾವ ದೇಶದವರು ಅಂತ.

"ಈ ದೇಶದವಳು."

"ಅದಲ್ಲ ಟೀಚರ್, ಅದಕ್ಕಿಂತ ಮೊದಲು?"

"ಅದಕ್ಕಿಂತ ಮೊದಲೂ ಇದೇ. ನಿನ್ನ ವಾಕ್ಯದಲ್ಲಿ ಕ್ರಿಯಾಪದ ಇಲ್ಲ, ಇನ್ನೊಂದು ಸಲ ಕೇಳು."

ಆಮೇಲೆ ಮ್ಯಾಪು ತೋರಿಸಿದರು. ಅಲಾಸ್ಕದ ತುದಿಯಿಂದ ರಷ್ಯದ ಕಡೆಗೆ, ಒಗ್ಗರಣೆ ಸೌಟಿನಿಂದ ಸಿಡಿದ ಸಾಸಿವೆಯ ಹಾಗೆ ಒಂದು ಸಾಲು ದ್ವೀಪಗಳು. ಅಲ್ಲಿಯ ಜನ ಅಲ್ಯೂಟರು. "ಅದು ರಷ್ಯದವರು ಬಂದು ಇಟ್ಟ ಹೆಸರು. ನಮ್ಮನ್ನ ನಾವು ಉನಂಗನ್ ಅಂತ ಕರ್ಕೋತೀವಿ," ಅಂದರು. ಪಕ್ಕದಲ್ಲಿದ್ದ ಥೀಡಾ, "ನಮ್ಮ ದೇಶಕ್ಕೂ ಎರಡು ಹೆಸರು ಟೀಚರ್. ಯಾವುದು ಹೇಳಿದ್ರೂ ಇಲ್ಲಿಯವರು ಥಾಯ್ಲೆಂಡಾ ಅಂತಾರೆ," ಅಂದಳು. ಆ ದಿನ ಕ್ಲಾಸೆಲ್ಲ ನಕ್ಕಿತ್ತು.

ಆ ನಗುವಿನ ನಡುವೆಯೇ ನಾನು ಇಬ್ಬರಿಗೂ ಒಂದೊಂದು ಜಾಗ ಕೊಟ್ಟುಬಿಟ್ಟೆ. ಇದನ್ನು ಮುಚ್ಚಿಡುವುದಿಲ್ಲ. ಥೀಡಾ ಬರ್ಮಾದಿಂದ ಓಡಿ, ಮಲೇಷ್ಯಾದಲ್ಲಿ ವರ್ಷಗಟ್ಟಲೆ ಅವಿತು, ನಿರಾಶ್ರಿತಳಾಗಿ ಬಂದವಳು. ಅವಳು, ಗಂಡ, ತಾಯಿ, ಇಬ್ಬರು ಗಂಡುಮಕ್ಕಳು, ಗಂಡನ ತಂಗಿ, ಆ ತಂಗಿಯ ಕೂಸು, ಎಲ್ಲ ಸೇರಿ ಏಳು ಜನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ. ಸಂಜೆ ಪಾಳಿಯಲ್ಲಿ ವೇರ್‌ಹೌಸಿನಲ್ಲಿ ಡಬ್ಬ ಕಟ್ಟುತ್ತಾಳೆ. ಪಾಪ, ಕೊಡಬೇಕಾದವಳು. ಟೀಚರೋ, ಹುಟ್ಟಿದ್ದೇ ಇಲ್ಲಿ, ಇಂಗ್ಲಿಷು ನೀರಿನ ಹಾಗೆ, ಪುಕ್ಕಟೆ ಕಲಿಸುವಷ್ಟು ಪುರುಸೊತ್ತು. ಅನುಕೂಲಸ್ಥರು, ಗೌರವಿಸಬೇಕಾದವರು. ತಡವಾಗಿ ಬಂದವರಿಗೆ ಕಷ್ಟ, ಮೊದಲಿನಿಂದ ಇದ್ದವರಿಗೆ ಸುಖ, ನನ್ನ ಬಿ.ಎ. ಅಷ್ಟೇ ಹೇಳಿಕೊಟ್ಟಿತ್ತು.

ಹಾಗಾಗಿ ಥೀಡಾಳಿಗೆ ನಮ್ಮ ಹಳೆಯ ಕುಕ್ಕರು, ಮಗಳಿಗೆ ಚಿಕ್ಕದಾದ ಜಾಕೆಟ್ಟು, ಬಾಣಲೆ ಹೋದವು. ಟೀಚರಿಗೆ ಬೆಳ್ಳಿಯ ಕುಂಕುಮದ ಭರಣಿ. ದೀಪಾವಳಿಗೆ ಒಂದು ದೊಡ್ಡ ಪ್ಯಾಕೆಟ್ಟು ಹೆಸರುಕಾಳು, ಜೊತೆಗೆ ಎಷ್ಟು ಹೊತ್ತು ನೆನೆಸಬೇಕು, ಕುಕ್ಕರಿನಲ್ಲಿ ಎಷ್ಟು ಕೂಗು ಕೂಗಿಸಬೇಕು ಎಂದು ದುಂಡಗೆ ಬರೆದ ಚೀಟಿ. ಒಂದು ತಿಂಗಳು ಬಿಡದೆ ಕೇಳಿದೆ, ಉಸಲಿ ಮಾಡಿದಿರಾ ಟೀಚರ್, ಕಾಳು ಬೆಂದಿತ್ತಾ, ನುಚ್ಚಾಗಲಿಲ್ಲ ತಾನೆ. "ಹದವಾಗಿತ್ತು," ಅನ್ನುತ್ತಿದ್ದರು. ಕಾರಿನಲ್ಲಿ ಮಲಗುವ ಹೆಂಗಸಿಗೆ ನಾನು ಕುಕ್ಕರಿನ ಕೂಗು ಎಣಿಸಲು ಹೇಳಿಕೊಟ್ಟಿದ್ದೆ.

ಇನ್ನೂ ಇದೆ. ನಾವು ಅರಿಶಿನ ಕುಂಕುಮಕ್ಕೆ ಕರೆಯುವವರು. ಊರು ಬಿಟ್ಟು ಇಷ್ಟು ದೂರ ಬಂದರೂ ವರಮಹಾಲಕ್ಷ್ಮಿಗೆ ಮೂವತ್ತು ಜನರನ್ನಾದರೂ ಕರೆಯದಿದ್ದರೆ ನನಗೆ ಹಬ್ಬವಲ್ಲ. ಇದರಲ್ಲಿ ಒಂದು ಒಳಲೆಕ್ಕವಿದೆ, ಹೆಂಗಸರಿಗೆಲ್ಲ ಗೊತ್ತು, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಕರೆದವರನ್ನು ತಿರುಗಿ ಕರೆಯಬೇಕು. ಲಾಸ್ ಆಲ್ಟೋಸಿನ ಡಾಕ್ಟರಮ್ಮನಿಂದ ಹಿಡಿದು ಮೌಂಟನ್ ವ್ಯೂನ ಬಾಡಿಗೆ ಮನೆಯ ಹೊಸ ಮದುವಣಗಿತ್ತಿಯವರೆಗೆ ಎಲ್ಲರೂ ಇದನ್ನು ಪಾಲಿಸುತ್ತಾರೆ. ಥೀಡಾ ಕೂಡ ಅವರ ಹೊಸವರ್ಷದ ನೀರಿನ ಹಬ್ಬಕ್ಕೆ ಕರೆದಳು, ನನಗೆಂದು ಮೀನು ಸೋಕಿಸದೆ ಟೀ ಎಲೆಯ ಕೋಸಂಬರಿ ಮಾಡಿದ್ದಳು. ಟೀಚರ್ ಎರಡು ಶ್ರಾವಣ ನಮ್ಮ ಮನೆಗೆ ಬಂದರು. ಮಣೆಯ ಮೇಲೆ ಕೂತು, ಹಾಕಿದ್ದೆಲ್ಲ ಊಟ ಮಾಡಿ, ಇನ್ನೊಂದು ಸಲ ಚಿತ್ರಾನ್ನ ಹಾಕಿಸಿಕೊಂಡರು. ತಿರುಗಿ ಒಂದು ಲೋಟ ಕಾಫಿಗೂ ಕರೆಯಲಿಲ್ಲ.

ಈ ಶ್ರಾವಣದಲ್ಲಿ ಪಟ್ಟಿ ಬರೆಯುವಾಗ ಅವರ ಹೆಸರಿನ ಹತ್ತಿರ ಪೆನ್ನು ನಿಂತಿತು. ಎರಡು ಸಲ ಬಂದರು, ನಮ್ಮನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಇಷ್ಟವಿಲ್ಲವೇನೋ, ನಮಗೂ ಅಷ್ಟು ಬಿಗುಮಾನ ಇರಲಿ ಅಂದುಕೊಂಡು ಬಿಟ್ಟುಬಿಟ್ಟೆ. ಹಬ್ಬದ ಮುಂದಿನ ಮಂಗಳವಾರ ಕ್ಲಾಸಿನಲ್ಲಿ ಥೀಡಾ ಚಿತ್ರಾನ್ನದ ಸುದ್ದಿ ತೆಗೆದಳು. ಟೀಚರ್ ನನ್ನ ಮುಖ ನೋಡಲಿಲ್ಲ. ಪುಸ್ತಕದ ಪುಟ ತಿರುವಿ, "ಇವತ್ತು ಭೂತಕಾಲ ಮಾಡೋಣ," ಅಂದರು.

ಅಂಥವರ ಸುದ್ದಿ ಕೇಳಿ, ಹುಣಸೆಹಣ್ಣಿನ ಕೈಯನ್ನು ಹೇಗೋ ತೊಳೆದು ಕಾರು ತೆಗೆದೆ. ಫ್ರೀವೇ ಎಂದರೆ ನನಗೆ ಈಗಲೂ ನಡುಕ, ಒಳದಾರಿಯಲ್ಲೇ ಹೋಗುವವಳು. ಆ ಒಳದಾರಿ ವೇರ್‌ಹೌಸುಗಳ ನಡುವೆ ಹೋಗುತ್ತದೆ. ಎಷ್ಟೋ ಸಲ ಓಡಾಡಿದ ರಸ್ತೆ. ಅಂಚಿನಲ್ಲಿ ಉದ್ದಕ್ಕೂ ಕಾರುಗಳು ನಿಂತಿರುತ್ತವೆ, ಕೆಲಸದವರದ್ದು ಎಂದುಕೊಂಡಿದ್ದೆ. ಆವತ್ತು ನಿಧಾನ ಹೋದೆ. ಒಂದರ ಕಿಟಕಿಗೆ ಟವೆಲ್ಲು ಸಿಕ್ಕಿಸಿತ್ತು. ಇನ್ನೊಂದರ ಹಿಂದಿನ ಗಾಜಿಗೆ ಒಳಗಿನಿಂದ ಹೊದಿಕೆ ಒತ್ತಿಕೊಂಡಿತ್ತು. ಮತ್ತೊಂದರ ಮುಂಗಾಜಿನ ಹಿಂದೆ ಹಲ್ಲುಜ್ಜುವ ಬ್ರಷ್ಷು ನಿಂತ ಲೋಟ. ಇದೇ ರಸ್ತೆಯಲ್ಲಿ ನಾನು ವಿಷ್ಣು ಸಹಸ್ರನಾಮ ಹಾಕಿಕೊಂಡು, ಭಕ್ತಿಯಿಂದ, ಎರಡೂವರೆ ವರ್ಷ ಡ್ರೈವ್ ಮಾಡಿದ್ದೇನೆ.

ಆಗ ಜಯಮ್ಮ ನೆನಪಾದಳು. ತುಮಕೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಹಿಟ್ಟಿನ ಗಿರಣಿಯಿತ್ತು. ರಾಗಿ ಬೀಸಿಸಲು ಹೋದರೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಿದ್ದೆವು, ನಮ್ಮಣ್ಣ ಅಜ್ಜನಂತೆ ಕೆಮ್ಮಿ ನಗಿಸುತ್ತಿದ್ದ. ಗಿರಣಿಯ ಹಿಂದಿನ ಒಂದೇ ಕೋಣೆಯಲ್ಲಿ ಜಯಮ್ಮನ ಸಂಸಾರ. ಹಬ್ಬ ಬಂದರೆ ಅಮ್ಮ ಕುಂಕುಮದ ಬಟ್ಟಲು ಕೊಟ್ಟು ನನ್ನನ್ನು ಮನೆಮನೆಗೆ ಕರೆಯಲು ಕಳಿಸುತ್ತಿದ್ದಳು, ಜಯಮ್ಮನನ್ನು ತಪ್ಪದೆ ಕರೆಯಬೇಕು. ಒಂದು ಸಲ ನಾನು ಜಗಳ ತೆಗೆದೆ. "ಅವಳು ಒಂದ್ಸಲಾನೂ ನಮ್ಮನ್ನ ಕರೆದಿಲ್ಲ. ನಾನ್ಯಾಕೆ ಹೋಗ್ಲಿ?"

ಅಮ್ಮ ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದಳು. ತಲೆಯೆತ್ತದೆ ಹೇಳಿದಳು. "ಅವಳು ಕರೆದ್ರೆ ನಾವೆಲ್ಲಿ ಕೂತ್ಕೊಳ್ಳೋದೇ? ಒಲೆ ಮೇಲಾ? ಕರೀದೆ ಇದ್ದು ಅವಳ ಮರ್ಯಾದೆ ಅವಳು ಉಳಿಸ್ಕೋತಾಳೆ. ಕರೆದು ನಮ್ಮ ಮರ್ಯಾದೆ ನಾವು ಉಳಿಸ್ಕೋಬೇಕು. ಹೋಗು, ಬಿಸಿಲೇರತ್ತೆ."

ಎಂಟನೆಯ ವಯಸ್ಸಿನಲ್ಲಿ ಕೇಳಿಸಿಕೊಂಡಿದ್ದೆ. ಬಟ್ಟಲು ನನಗೆ ಬಂತು, ಹಬ್ಬ ಬಂತು, ಮಾತು ತುಮಕೂರಿನಲ್ಲೇ ಉಳಿಯಿತು.

ಥೀಡಾಳ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಚಾಪೆಯ ಮೇಲೆ ಟೀಚರ್ ಕೂತಿದ್ದರು, ಮೈಗೆ ಥೀಡಾಳ ಹೂವಿನ ಲುಂಗಿ, ಮೇಲೊಂದು ಸ್ವೆಟರು, ಮುಂದೆ ಬಟ್ಟಲು. ಥೀಡಾಳ ತಾಯಿ ಪಕ್ಕದಲ್ಲಿ ಕೂತು, ಇಂಗ್ಲಿಷು ಬಾರದ್ದರಿಂದ ಮಾತಿಲ್ಲದೆ, ಟೀಚರ ಬೆನ್ನು ನೀವುತ್ತಿದ್ದರು. ಕೂಸು ಟೀಚರ ಮಣಿಕಟ್ಟಿನ ಗಡಿಯಾರ ಎಳೆಯುತ್ತಿತ್ತು.

"ಬಂದೆಯಾ," ಅಂದರು ಟೀಚರ್. "ಇವತ್ತು ಗುರುವಾರ, ಕ್ಲಾಸಿಲ್ಲ."

ನಡೆದದ್ದು ಇಷ್ಟು. ದಿನಾ ಬೆಳಿಗ್ಗೆ ಅವರು ಕಾರು ನಿಲ್ಲಿಸಿದ ಕಡೆಯಿಂದ ಸ್ನಾನಕ್ಕೆಂದು ಒಂದು ಜಿಮ್ಮಿಗೆ ನಡೆದು ಹೋಗುತ್ತಾರೆ. ಇಲ್ಲಿ ನಿಲ್ಲಿಸಬಾರದೆಂದು ಗಾಜಿಗೆ ಚೀಟಿ ಅಂಟಿಸಿ ಹೋಗಿದ್ದರಂತೆ, ಇವತ್ತು ತಿರುಗಿ ಬಂದಾಗ ಕಾರಿದ್ದ ಜಾಗ ಖಾಲಿ. ಒದ್ದೆ ತಲೆಯಲ್ಲಿ ಅಲ್ಲೇ ಸ್ವಲ್ಪ ಹೊತ್ತು ನಿಂತರಂತೆ. ಆಮೇಲೆ ಹತ್ತಿರದಲ್ಲಿ ಗೊತ್ತಿದ್ದ ಒಂದೇ ಬಾಗಿಲಿಗೆ ನಡೆದರಂತೆ.

ನಾನು ಥೀಡಾಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. "ನಿಂಗೆ ಮೊದಲೇ ಗೊತ್ತಿತ್ತಾ?"

"ಹೋದ ವರ್ಷದಿಂದ," ಅಂದಳು. "ಬಟ್ಟೆ ಒಗೆಯೋ ಅಂಗಡೀಲಿ ನೋಡ್ದೆ. ಅಷ್ಟೂ ಬಟ್ಟೆ ಒಂದೇ ಸಲ ಹಾಕಿದ್ರು, ಹೊದಿಕೆ, ದಿಂಬಿನ ಚೀಲ, ಕೋಟು ಎಲ್ಲ. ಮನೆ ಇರೋರು ಹಾಗೆ ಹಾಕಲ್ಲ ಸಿಸ್ಟರ್. ಓಡಿ ಅವಿತು ಬದುಕಿದವರಿಗೆ ತಿಳಿಯುತ್ತೆ."

"ಅದಕ್ಕಾ ಮಂಗಳವಾರ ಮಂಗಳವಾರ ಫ್ಲಾಸ್ಕಲ್ಲಿ ಅನ್ನದ ಗಂಜಿ ತರ್ತಿದ್ದೆ?"

"ಮತ್ತಿನ್ನೇನು? ನೀನೇನು ಅಂದ್ಕೊಂಡಿದ್ದೆ?"

ನಾನು ಏನಂದುಕೊಂಡಿದ್ದೆ ಎಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಟೀಚರನ್ನು ಮೆಚ್ಚಿಸಲು ತರುತ್ತಾಳೆ ಅಂದುಕೊಂಡಿದ್ದೆ. ನಾನೂ ಹಿಂದೆ ಬೀಳಬಾರದೆಂದು ಹಿತ್ತಲಿನ ಸೋರೆಕಾಯಿ ಒಯ್ದು ಕೊಟ್ಟಿದ್ದೆ. ಟೀಚರ್ ಅದನ್ನು ತಗೊಂಡು, ನನ್ನೆದುರೇ ಥೀಡಾಳಿಗೆ ದಾಟಿಸಿ, "ನನಗೆ ಅಡುಗೆ ಅಂದ್ರೆ ಬೇಜಾರು," ಅಂದಿದ್ದರು. ಲೈಬ್ರರಿ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದುದನ್ನು ಶಿಸ್ತು ಅಂದುಕೊಂಡೆ. ಬೇಸಿಗೆಯಲ್ಲೂ ಎರಡು ಕೋಟು ತೋಳಿಗೆ ಹಾಕಿಕೊಂಡಿದ್ದುದನ್ನು ಫ್ಯಾಷನ್ನು ಅಂದುಕೊಂಡೆ. ಕಣ್ಣು ಎರಡೂ ಇತ್ತು.

ಚಾಪೆಗೆ ಮರಳಿದಾಗ ಟೀಚರ್ ಮಾತಾಡುತ್ತಿದ್ದರು, ಕೂಸಿಗೆ ಹೇಳುವಂತೆ. ಎರಡೂವರೆ ವರ್ಷದಲ್ಲಿ ಅವರು ತಮ್ಮ ಬಗ್ಗೆ ಅಷ್ಟು ಹೇಳಿದ್ದೇ ಇಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮಕ್ಕಳಿಲ್ಲ. ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಬಾಡಿಗೆಗಿದ್ದ ಕಟ್ಟಡ ಕೈಬದಲಾಯಿತು, ಎಲ್ಲರನ್ನೂ ಬಿಡಿಸಿದರು. ಎರಡು ತಿಂಗಳ ಮಟ್ಟಿಗೆ ಎಂದು ಕಾರಿಗೆ ಸಾಮಾನು ಹಾಕಿದ್ದು, ನಾನು ಕ್ಲಾಸಿಗೆ ಸೇರಿದ ಬೇಸಿಗೆಯಲ್ಲೇ.

"ನಮ್ಮಮ್ಮ ಹುಡುಗಿಯಾಗಿದ್ದಾಗ ಯುದ್ಧ ಬಂತು," ಅಂದರು. "ಜಪಾನಿನವರು ಬರ್ತಾರೆ, ನಿಮ್ಮನ್ನ ಕಾಪಾಡ್ತೀವಿ ಅಂತ ನಮ್ಮ ಸರ್ಕಾರವೇ ಊರಿಗೆ ಊರನ್ನೇ ಹಡಗಿಗೆ ಹತ್ತಿಸ್ತು. ಎಲ್ಲೋ ದೂರದಲ್ಲಿ ಕಾಡಿನ ನಡುವೆ ಹಳೇ ಮೀನಿನ ಕಾರ್ಖಾನೆಗಳಲ್ಲಿ ಬಿಟ್ರು. ನಮ್ಮ ದ್ವೀಪದಲ್ಲಿ ಒಂದು ಮರ ಇಲ್ಲ, ಬರೀ ಹುಲ್ಲು, ಗಾಳಿ. ಮರಾನೇ ನೋಡದವರನ್ನ ಕಾಡೊಳಗೆ ಇಟ್ರು. ಆಕಾಶ ಕಾಣಿಸ್ತಿರಲಿಲ್ಲ ಅಂತಿದ್ಲು ಅಮ್ಮ. ಮುದುಕರು, ಕೂಸುಗಳು ತುಂಬ ಜನ ಅಲ್ಲೇ ಹೋದ್ರು. ಉಳಿದವರು ವಾಪಸ್ಸು ಬಂದ್ರೆ ಮನೆ ಬಾಗಿಲು ಮುರಿದು ಸಾಮಾನು ದೋಚಿದ್ರು. ಕೆಲವು ಊರಿನವರನ್ನ ವಾಪಸ್ಸು ಬಿಡಲೇ ಇಲ್ಲ."

ಥೀಡಾ ಇದನ್ನು ತಾಯಿಗೆ ಬರ್ಮಾ ಭಾಷೆಯಲ್ಲಿ ಹೇಳಿದಳು. ಮುದುಕಿ ತಲೆಯಾಡಿಸಿ ಏನೋ ಅಂದರು. "ನಮ್ಮೂರಿಗೆ ಬಂದವರೂ ಕಾಪಾಡ್ತೀವಿ ಅಂತಲೇ ಬಂದ್ರು, ಅಂತಿದ್ದಾಳೆ," ಅಂದಳು ಥೀಡಾ. ಹಾಗೆ ಹೇಳುವಾಗ ಅವಳ ಮುಖದಲ್ಲಿ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ.

"ಆದ್ರೆ ಟೀಚರ್," ಅವಳೇ ಮುಂದುವರಿಸಿದಳು, "ನಾವು ಇಲ್ಲಿ ವಿಮಾನ ಇಳಿದಾಗ ಹನ್ನೊಂದು ಜನ ನಿಂತಿದ್ರು. ಒಬ್ರೂ ನೆಂಟರಲ್ಲ. ಬರ್ಮಾದವರು ಅಷ್ಟೇ. ಅನ್ನ, ಹೊದಿಕೆ, ಸಿಮ್ ಕಾರ್ಡು ತಂದಿದ್ರು. ಈ ಕಟ್ಟಡದಲ್ಲೇ ನಮ್ಮವರು ಆರು ಮನೆ. ಒಬ್ಬನಿಗೆ ವೇರ್‌ಹೌಸಲ್ಲಿ ಕೆಲಸ ಸಿಕ್ಕಿದ್ರೆ ಐದು ಜನಾನ ಒಳಗೆ ಎಳ್ಕೋತಾನೆ. ಗಂಡನಿಗೆ ಬೆನ್ನು ಹೋದಾಗ ನಮ್ಮ ಬೌದ್ಧ ವಿಹಾರದ ಭಿಕ್ಷುಗಳು ದಿನಾ ಊಟ ಕಳಿಸಿದ್ರು. ನಿಮ್ಮವರು ಎಲ್ಲಿ?"

ಟೀಚರ್ ಕೂಸಿನ ಬೆರಳಿನಿಂದ ಗಡಿಯಾರ ಬಿಡಿಸಿಕೊಂಡರು. "ಎಲ್ಲರೂ ಒಟ್ಟು ಸೇರಿದ್ರೂ ನಾವು ಕೆಲವೇ ಸಾವಿರ. ಈ ಕಡೆ ಹನ್ನೊಂದು ಜನ ಎಲ್ಲಿಂದ ತರಲಿ? ಒಬ್ಬಳು ಚಿಕ್ಕಮ್ಮನ ಮಗಳು ಇದ್ಲು, ಹೋದ್ಲು. ತಮಾಷೆ ಗೊತ್ತಾ? ಇನ್ನೂರು ವರ್ಷದ ಹಿಂದೆ ರಷ್ಯದವರು ನಮ್ಮ ಬೇಟೆಗಾರರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ರು. ಇದೇ ಕೊಲ್ಲಿಯ ನೀರಲ್ಲಿ ನಮ್ಮವರು ಚರ್ಮದ ದೋಣಿ ಹಾಕಿ ನೀರುನಾಯಿ ಹಿಡಿದ್ರು. ಆಗ ದೋಣಿ ನಿಲ್ಲಿಸಬೇಡ ಅಂತ ಯಾರೂ ಚೀಟಿ ಅಂಟಿಸಲಿಲ್ಲ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಕಷ್ಟ ಇಬ್ಬರಿಗೂ ಇತ್ತು. ಥೀಡಾಳ ಗಂಡನ ಬೆನ್ನು ಇನ್ನೂ ನೆಟ್ಟಗಾಗಿಲ್ಲ, ಅವಳ ದೊಡ್ಡ ಮಗ ಸ್ನಾನದ ಮನೆಯಲ್ಲಿ ಕೂತು ಕಾಲೇಜಿನ ಓದು ಓದುತ್ತಾನೆ. ಆದರೂ ಅವಳ ಫೋನು ಬಡಿದರೆ ಎತ್ತುವವರು ಆರು ಮನೆ. ಈ ನೆಲದ ಮೊದಲ ಮಕ್ಕಳಲ್ಲಿ ಒಬ್ಬರ ಫೋನಿನಲ್ಲಿ ಅವತ್ತು ಬೆಳಿಗ್ಗೆ ಒತ್ತಲು ಒಂದು ಹೆಸರಿರಲಿಲ್ಲ. ನನ್ನ ನಂಬರು ಅದರಲ್ಲಿತ್ತು. ಒತ್ತಿರಲಿಲ್ಲ.

ಅಷ್ಟರಲ್ಲಿ ಥೀಡಾ ಅಸಲು ವಿಷಯ ಹೇಳಿದಳು. "ಮ್ಯಾನೇಜರು ತಲೆ ಎಣಿಸೋನು. ಏಳೇ ಜಾಸ್ತಿ ಅಂತ ಒಂದ್ಸಲ ಹೇಳಿ ಹೋಗಿದ್ದಾನೆ. ಎಂಟಾದ್ರೆ ನಮ್ಮನ್ನೂ ಬಿಡಿಸ್ತಾನೆ. ಎರಡು ಮೂರು ದಿನ ಹೇಗೋ ಮುಚ್ಚಿಡಬಹುದು."

ಹೇಳಿ, ನನ್ನ ಮುಖ ನೋಡಿದಳು. ಟೀಚರ್ ನೋಡಲಿಲ್ಲ, ಬಟ್ಟಲಿನ ತಳ ಕೆರೆಯುತ್ತಿದ್ದರು.

ನಮ್ಮದು ಮೂರು ಬೆಡ್‌ರೂಮಿನ ಮನೆ. ಒಂದು ನಮ್ಮದು, ಒಂದು ಮಗಳದು, ಒಂದು ದೇವರದು. ದೇವರ ಕೋಣೆಯಲ್ಲಿ ಒಂದು ಮಂಚವೂ ಇದೆ, ಅತ್ತೆ ಬಂದಾಗ ಮಲಗಲು. ಮಿಕ್ಕಂತೆ ಅಲ್ಲಿ ಸ್ನಾನ ಮಾಡದೆ ಕಾಲಿಡುವಂತಿಲ್ಲ. ಬಾಯಿ ತೆರೆಯಬೇಕಾದ ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದು ಏನು ಗೊತ್ತೇ? ಮೀನು. ಒಮ್ಮೆ ಕ್ಲಾಸಿಗೆ ಟೀಚರ್ ಊರಿನ ಒಣಮೀನು ತಂದಿದ್ದರು, ನಾನು ಕಿಟಕಿಯ ಹತ್ತಿರ ಜಾಗ ಬದಲಾಯಿಸಿದ್ದೆ. ಆ ವಾಸನೆ ದೇವರ ಕೋಣೆಯ ಪರದೆಗೆ ಹತ್ತಿದರೆ ಎಂದು ಯೋಚಿಸುತ್ತಾ, ನಾನು ಸುಮ್ಮನೆ ಕೂತೆ. ಒಂದು ನಿಮಿಷವಿರಬಹುದು.

"ಸರಿ ಬಿಡು," ಅಂದಳು ಥೀಡಾ, ಬಟ್ಟಲು ಎತ್ತಿಕೊಳ್ಳುತ್ತಾ. "ಟೀಚರ್ ಅಮ್ಮನ ಜೊತೆ ಮಲಗ್ತಾರೆ. ಮ್ಯಾನೇಜರು ಬಂದಾಗ ನೋಡ್ಕೊಳ್ಳೋಣ."

ನಾನು ಮನೆಗೆ ಬಂದೆ. ಬಂದವಳು ಪಾತ್ರೆ ತೊಳೆದಿಟ್ಟೆ, ಪಲ್ಯಕ್ಕೆ ಹೆಚ್ಚಿದೆ. ಸಂಜೆ ದೀಪ ಹಚ್ಚಿ ಉಪಕಾರ ಎಣಿಸಲು ಕೂತರೆ, ಬೆರಳ ಮೊದಲ ಗೆರೆಯಿಂದ ಹೆಬ್ಬೆರಳು ಮುಂದೆ ಹೋಗಲಿಲ್ಲ. ನಾನು ಕೆಟ್ಟವಳಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ನಂಬಿದ್ದಕ್ಕೆ ಸಾಕ್ಷಿಯಾಗಿ ಎಷ್ಟು ಕುಕ್ಕರು, ಎಷ್ಟು ಜಾಕೆಟ್ಟು ಬೇಕಾದರೂ ತೋರಿಸಬಲ್ಲೆ.

ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ನಮ್ಮ ಮನೆಯವರು ತಟ್ಟೆ ನೋಡುತ್ತಾ ಕೇಳಿಸಿಕೊಂಡರು. "ನಿನ್ನ ರೂಮು ಅದು. ನಾನು ಹೂಂ ಅಂದ್ರೂ ನೀನು ಉಹೂಂ ಅಂದ್ರೆ ನಡೆಯಲ್ಲ. ನಾನ್ಯಾಕೆ ಪುಕ್ಕಟೆ ಒಳ್ಳೆಯವನಾಗ್ಲಿ?" ಅಂದರು.

ಮಗಳು ಹದಿಮೂರರವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ಅಮ್ಮ, ಹೂ ಸ್ಲೀಪ್ಸ್ ಇನ್ ದಟ್ ಬೆಡ್?" ಅಂದಳು.

"ಅಜ್ಜಿ ಬಂದಾಗ..."

"ಅಜ್ಜಿ ಕೇಮ್ ವೆನ್ ಐ ವಾಸ್ ನೈನ್."

ಅವಳು ಮೊಸರಿಗೆ ಉಪ್ಪು ಹಾಕಿಕೊಂಡು ಕಲಸತೊಡಗಿದಳು. ನಾಲ್ಕು ವರ್ಷದಿಂದ ಆ ಮಂಚದ ಮೇಲೆ ನಾನು ದೇವರ ಬಟ್ಟೆ ಮಡಿಸಿ ಇಡುತ್ತಿದ್ದೇನೆ, ಅಷ್ಟೇ.

ಶುಕ್ರವಾರ ಸ್ನಾನ ಮಾಡಿದವಳು ಪೂಜೆಗೆ ಕೂರಲಿಲ್ಲ. ಮದುವೆಯಾದ ಮೇಲೆ ಶುಕ್ರವಾರದ ಪೂಜೆ ತಪ್ಪಿಸಿದ್ದು ಮೈಲಿಗೆಯ ದಿನಗಳಲ್ಲಿ ಮಾತ್ರ. ಬೆಳಗಿದ ಪಾತ್ರೆಗಳು ಹಾಗೇ ಬೋರಲು ಬಿದ್ದಿರಲಿ ಎಂದು ನೇರ ಥೀಡಾಳ ಮನೆಗೆ ಹೋದೆ. ಟೀಚರ್ ಕೂದಲು ಬಾಚಿಕೊಳ್ಳುತ್ತಿದ್ದರು.

"ಟೀಚರ್, ನಮ್ಮನೆಗೆ ಬನ್ನಿ. ಇರೋಕೆ."

ಬಾಚಣಿಗೆ ನಿಲ್ಲಿಸಿ ನನ್ನನ್ನು ನೋಡಿದರು. "ನಿನ್ನೆ ಯಾಕೆ ಸುಮ್ಮನಿದ್ದೆ?"

ದಾರಿಯುದ್ದಕ್ಕೂ ಒಳ್ಳೆಯ ಉತ್ತರ ಹೊಂದಿಸಿಕೊಂಡು ಬಂದಿದ್ದೆ. ಮನೆಯವರನ್ನು ಕೇಳಬೇಕಿತ್ತು, ಕೋಣೆ ಸರಿಮಾಡಬೇಕಿತ್ತು. ಅವರ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

"ಮೀನಿನ ವಾಸನೆ ನೆನಪಾಯ್ತು. ಅದು ದೇವರ ಕೋಣೆ. ಅದಕ್ಕೆ."

ಥೀಡಾ ಒಳಗಿನಿಂದ ನಗುತ್ತಾ ಬಂದಳು. "ಆ ರೂಮಲ್ಲಿ ಎಷ್ಟು ದೇವರಿದ್ದಾರೆ ಸಿಸ್ಟರ್? ಹದಿನೈದಾ, ಇಪ್ಪತ್ತಾ? ನಿನ್ನ ಮ್ಯಾನೇಜರು ತಲೆ ಎಣಿಸಲ್ವಾ?"

ಟೀಚರ್ ನಗಲಿಲ್ಲ. "ನಿನ್ನ ಅಡುಗೆಮನೇಲಿ ನಾನು ಮೀನು 'ಬೇಯಿಸೋದಿಲ್ಲ'," ಅಂದರು, ಕ್ಲಾಸಿನಲ್ಲಿ ಕ್ರಿಯಾಪದ ಒತ್ತಿ ಹೇಳುವ ಹಾಗೆ. "ಥೀಡಾ ಮನೇಲಿ ತಿಂತೀನಿ. ಆದ್ರೆ ನನ್ನ ಜೊತೆ ಒಬ್ಬರು ಬರ್ತಾರೆ. ಅವರನ್ನ ಹೊರಗೆ ಬಿಡಲ್ಲ."

ಟೋ ಮಾಡಿದ ಕಾರುಗಳನ್ನು ನಿಲ್ಲಿಸುವ ಯಾರ್ಡಿನಲ್ಲಿ ಕಾರು ತಕ್ಷಣ ಬಿಡುವುದಿಲ್ಲ, ಒಳಗಿನ ಸಾಮಾನು ಒಯ್ಯಬಹುದು ಎಂದರು. ಮೂವರೂ ಹೋದೆವು. ಕಾರಿನ ಹಿಂದಿನ ಸೀಟು ಅಷ್ಟು ಅಚ್ಚುಕಟ್ಟಾಗಿತ್ತು, ನನ್ನ ಬೀರು ಹಾಗಿಲ್ಲ. ಟೀಚರ್ ಮೊದಲು ತೆಗೆದದ್ದು ಬಟ್ಟೆಯಲ್ಲ. ಟವೆಲ್ಲಿನಲ್ಲಿ ಸುತ್ತಿದ ಒಂದು ಹಲಗೆ, ಅದರ ಮೇಲೆ ಕಪ್ಪಗಾದ ಬಣ್ಣದಲ್ಲಿ ತಾಯಿ ಮತ್ತು ಮಗು. ಅಲ್ಯೂಟರು ರಷ್ಯದವರಿಂದ ಕ್ರೈಸ್ತ ಧರ್ಮ ಕಲಿತವರು, ಅದು ಅವರ ಅಜ್ಜಿಯ ಪೂಜೆಯ ಪಟ. ಯುದ್ಧದಲ್ಲಿ ಹಡಗು ಹತ್ತಿದಾಗ ಅಜ್ಜಿ ಲಂಗದೊಳಗೆ ಬಚ್ಚಿಟ್ಟು ಒಯ್ದದ್ದಂತೆ.

ಮನೆಗೆ ಬಂದು ಕೋಣೆಯಲ್ಲಿ ನಿಂತಾಗ ಇನ್ನೊಂದು ತೊಡಕು ಬಂತು. ಟೀಚರ್ ಪಟ ಹಿಡಿದು ನೇರವಾಗಿ ಈಶಾನ್ಯದ ಮೂಲೆಗೆ ನಡೆದರು. "ಪೂರ್ವದ ಮೂಲೇಲೇ ಇಡಬೇಕು. ನಮ್ಮ ಪದ್ಧತಿ."

"ನಮ್ಮದೂ ಅದೇ ಪದ್ಧತಿ," ಅಂದೆ. "ಅಲ್ಲಿ ನಮ್ಮವರಿದ್ದಾರಲ್ಲ."

ಇಬ್ಬರೂ ಮೂಲೆ ನೋಡುತ್ತಾ ನಿಂತೆವು. ನಾನಾದರೋ ಇಷ್ಟು ವರ್ಷ ಯಾರಿಗೂ ಆ ಮಂಟಪ ಮುಟ್ಟಲು ಬಿಟ್ಟವಳಲ್ಲ. ಕೊನೆಗೆ ನಾನೇ ಮೇಲಿನ ಹಲಗೆಯ ಮೇಲಿದ್ದ ಕರ್ಪೂರದ ಡಬ್ಬಿ, ಊದುಬತ್ತಿ ಕಟ್ಟು, ಪಂಚಾಂಗ ತೆಗೆದು ಕೆಳಗಿಟ್ಟೆ. ತಾಯಿ ಮಗು ಮೇಲೆ ಹೋಗಿ ಕೂತರು. ನಮ್ಮ ಲಕ್ಷ್ಮಿ ಏನೂ ಅನ್ನಲಿಲ್ಲ. ಟೀಚರ್ ಬೆರಳು ಕೂಡಿಸಿ ಹಣೆ, ಹೊಟ್ಟೆ, ಭುಜ ಮುಟ್ಟಿಕೊಂಡರು, ನಾನು ಕೈಮುಗಿದೆ. ತಪ್ಪಿದ ಪೂಜೆ ಹೊತ್ತು ಮೀರಿ ಅಲ್ಲೇ ಆಯಿತು ಎಂದು ಇಟ್ಟುಕೊಂಡಿದ್ದೇನೆ.

ಇದೆಲ್ಲ ಹೇಳಿ ನಾನು ದೊಡ್ಡ ಉಪಕಾರ ಮಾಡಿದೆ ಎಂದು ನೀವು ಅಂದುಕೊಳ್ಳಬೇಡಿ. ಕಾರು ಇನ್ನೂ ಯಾರ್ಡಿನಲ್ಲಿದೆ. ಹಿರಿಯರಿಗೆ ಕೊಡುವ ಮನೆಗಳ ಸಾಲಿನಲ್ಲಿ ಟೀಚರ ಹೆಸರು ಯಾವ ಕೊನೆಯಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಎರಡು ವರ್ಷ ಎದುರಿಗೆ ಕೂತು ನೋಡದಿದ್ದದ್ದು ನನ್ನ ಎದೆಯಲ್ಲಿ ಕೂತೇ ಇದೆ. ರಸ್ತೆಯಂಚಿನಲ್ಲಿ ಟವೆಲ್ಲು ಸಿಕ್ಕಿಸಿದ ಉಳಿದ ಕಾರುಗಳು ಅಲ್ಲಲ್ಲೇ ಇವೆ.

ಮಧ್ಯಾಹ್ನ ಅವರ ಬಟ್ಟೆಗಳನ್ನೂ ನಮ್ಮದರ ಜೊತೆ ಡ್ರೈಯರಿನಿಂದ ತೆಗೆದು ಸೋಫಾದ ಮೇಲೆ ರಾಶಿ ಹಾಕಿದೆ. ಬೇಡವೆಂದರೂ ಕೇಳದೆ ಟೀಚರ್ ಮಡಿಸಲು ಕೂತರು. ಮಗಳ ಕಾಲುಚೀಲ ಜೋಡಿ ಮಾಡಿದರು, ನಮ್ಮವರ ಅಂಗಿಯ ಕಾಲರು ನೇರ ಮಾಡಿದರು. ಆಮೇಲೆ ತಮ್ಮದು ಎತ್ತಿಕೊಂಡರು. ಒಂದೊಂದನ್ನೂ ಸುರುಳಿ ಸುತ್ತಿ, ಗಾಳಿ ಹಿಂಡಿ, ಕಾರಿನಿಂದ ತಂದ ಚೀಲಕ್ಕೆ ಇಟ್ಟಿಗೆ ಜೋಡಿಸುವಂತೆ ತುಂಬುತ್ತಾ ಹೋದರು. ತುಂಬಿ, ಜಿಪ್ಪು ಎಳೆದು, ಚೀಲವನ್ನು ಬಾಗಿಲ ಪಕ್ಕಕ್ಕೆ ಇಟ್ಟುಕೊಂಡು ಕೂತರು.

ನಾನು ದೇವರ ಕೋಣೆಗೆ ಹೋಗಿ ಬೀರುವಿನ ನಡುವಿನ ಎರಡು ಖಾನೆ ಎಳೆದು, ಯಾವತ್ತಾದರೂ ಬೇಕಾದೀತೆಂದು ಇಟ್ಟಿದ್ದನ್ನೆಲ್ಲ ನೆಲಕ್ಕೆ ಸುರಿದು, ಒದ್ದೆ ಬಟ್ಟೆ ತಂದು ಒಳಗಿನ ಧೂಳು ಒರೆಸತೊಡಗಿದೆ.